ಬೆಂಜಮಿನ್ ಪಿಯರಿ ಪಾಲ್

ಬೆಂಜಮಿನ್ ಪಿಯರಿ ಪಾಲ್ (26 ಮೇ 1906 – 14 ಸೆಪ್ಟೆಂಬರ್ 1989) ಭಾರತದ ಹೆಸರಾಂತ ಸಸ್ಯತಳಿ ವಿಜ್ಞಾನಿ, ಕೃಷಿ ಸಂಶೋಧನೆಯ ಸಂಘಟಕ ಮತ್ತು ಗುಲಾಬಿ ತಳಿಗಾರ. ಬಿ. ಪಿ. ಪಾಲ್ ಎಂದೇ ಅವರು ಪ್ರಸಿದ್ಧರು. ಗೋಧಿಯನ್ನು ಕಾಡುತ್ತಿದ್ದ ಮೂರು ಬಗೆಯ ತುಕ್ಕು ರೋಗಗಳನ್ನೂ ಎದುರಿಸಬಲ್ಲ ತಳಿಯನ್ನು ರೂಪಿಸಿದ ಕೀರ್ತಿ ಅವರದು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾಗಿ ಅವರು ಸೇವೆ ಸಲ್ಲಿಸಿದರು. ವೃತ್ತಿಯ ಬಿಡುವಿನಲ್ಲಿ ತಮ್ಮ ಮನೆಯ ತೋಟದಲ್ಲಿಯೇ ಗುಲಾಬಿಯನ್ನು ಬೆಳೆಸಿ, ಸಂಕರಿಸಿ, ಭಾರತದ ಹವೆಗೆ ಒಗ್ಗುವ ಸುಮಾರು ನೂರು ಹೊಸ ತಳಿಗಳನ್ನು ನೀಡಿದರು. ಪರದೇಶಗಳಿಂದ ತರಿಸಿಕೊಂಡ ಗಿಡಗಳನ್ನೇ ನೆಚ್ಚಿಕೊಂಡಿದ್ದ ಭಾರತದ ಗುಲಾಬಿ ಕೃಷಿ ತನ್ನದೇ ತಳಿಗಳನ್ನು ಪಡೆಯುವಂತಾದುದರಲ್ಲಿ ಅವರ ಪಾಲು ದೊಡ್ಡದು.

ಜನನ ಮತ್ತು ಬಾಲ್ಯ

ಪಾಲ್ ಅವರು ಪಂಜಾಬಿನ ಮುಕಂದಪುರ ಎಂಬ ಊರಿನಲ್ಲಿ ಜನಿಸಿದರು. ಅವರ ಮೊದಲ ಹೆಸರು ಬ್ರಹ್ಮದಾಸ್. ತಂದೆ ರಲಾ ರಾಮ್ ಅವರು ಅಂದು ಬ್ರಿಟಿಷ್ ಆಳ್ವಿಕೆಗೆ ಒಳಪಟ್ಟಿದ್ದ ಬರ್ಮಾ ದೇಶದಲ್ಲಿ ವೈದ್ಯಾಧಿಕಾರಿಯಾಗಿದ್ದರು. ಆದ್ದರಿಂದ ಪಾಲ್ ಅವರ ಬಾಲ್ಯ ಬರ್ಮಾದಲ್ಲಿಯೇ ಕಳೆಯಿತು. ಅವರು ಮೇಮ್ಯೋ ಎಂಬ ಗಿರಿಧಾಮದ ಸೇಂಟ್ ಮೈಕೇಲ್ ಶಾಲೆಯಲ್ಲಿ ಕಲಿತರು. ಬೆಂಜಮಿನ್ ಪಿಯರಿ ಎಂಬ ಹೆಸರು ಅವರಿಗೆ ಬಂದುದು ಅಲ್ಲಿಯೇ.

ಮೇಮ್ಯೋ ಬೆಟ್ಟದ ಮೇಲಿನ ತಂಪಾದ ಊರು. ಬ್ರಿಟಿಷ್ ಅಧಿಕಾರಿಗಳು ಬೇಸಿಗೆಯನ್ನು ಕಳೆಯಲು ಅಲ್ಲಿಗೆ ಬರುತ್ತಿದ್ದುದರಿಂದ ಹೂದೋಟಗಳಿಗೆ ಕೊರತೆ ಇರಲಿಲ್ಲ. ಗುಲಾಬಿಯ ಮೇಲಿನ ಒಲವು ಮತ್ತು ಚಿತ್ರಕಲೆಯ ಆಸಕ್ತಿ ಎರಡೂ ಪಾಲ್ ಅವರಲ್ಲಿ ಶಾಲಾ ದಿನಗಳಲ್ಲಿಯೇ ಮೊಳೆತವು. ಮುಂದೆ ಅವರು ಎಷ್ಟೇ ಎತ್ತರದ ಹುದ್ದೆಗಳಿಗೆ ಏರಿದರೂ ಈ ಎರಡು ಹವ್ಯಾಸಗಳನ್ನು ಬಿಡಲಿಲ್ಲ.

ವಿದ್ಯಾಭ್ಯಾಸ

ಪಾಲ್ ಅವರು ರಂಗೂನ್ ವಿಶ್ವವಿದ್ಯಾನಿಲಯದಿಂದ ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅನಂತರ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿ ರೋಲಂಡ್ ಬಿಫೆನ್ ಮತ್ತು ಫ್ರಾಂಕ್ ಎಂಗಲ್ಡೋ ಎಂಬ ಖ್ಯಾತ ತಳಿ ವಿಜ್ಞಾನಿಗಳ ಒಡನಾಟ ಅವರಿಗೆ ದೊರೆಯಿತು.

ಗೋಧಿಯ ಹಳದಿ ತುಕ್ಕು ರೋಗವನ್ನು ತಡೆಯುವ ಗುಣವು ಮೆಂಡಲನ ಅನುವಂಶೀಯ ನಿಯಮಗಳಿಗೆ ಅನುಗುಣವಾಗಿ ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹರಿದುಬರುತ್ತದೆ ಎಂಬುದನ್ನು ಬಿಫೆನ್ ಅವರು 20ನೆಯ ಶತಮಾನದ ಆರಂಭದಲ್ಲಿಯೇ ತೋರಿಸಿಕೊಟ್ಟಿದ್ದರು. ರೋಗನಿರೋಧವೂ ಹೂವಿನ ಬಣ್ಣ, ಕಾಳಿನ ಆಕಾರಗಳಂತೆ ತಳಿಗಾರನ ಕೈಗೆ ಸಿಗಬಲ್ಲ ಗುಣ ಎಂಬ ಈ ತಿಳಿವಳಿಕೆಯೇ ಪಾಲ್ ಅವರ ಮುಂದಿನ ಸಂಶೋಧನೆಗೆ ತಳಹದಿಯಾಯಿತು. ಗೋಧಿಯಲ್ಲಿ ಸಂಕರದ ಚೈತನ್ಯವನ್ನು ಕುರಿತು ಅಧ್ಯಯನ ನಡೆಸಿ ಅವರು 1933ರಲ್ಲಿ ಪಿಎಚ್.ಡಿ. ಪದವಿ ಪಡೆದರು.

ಪೂಸಾ ಸಂಸ್ಥೆಯಲ್ಲಿ

ಸ್ವದೇಶಕ್ಕೆ ಮರಳಿದ ಪಾಲ್ ಅವರು ಬರ್ಮಾದ ಕೃಷಿ ಇಲಾಖೆಯಲ್ಲಿ ಭತ್ತದ ಸಂಶೋಧನೆಯಲ್ಲಿ ಸ್ವಲ್ಪ ಕಾಲ ತೊಡಗಿದ್ದರು. 1933ರಲ್ಲಿಯೇ ಬಿಹಾರದ ಪೂಸಾದಲ್ಲಿದ್ದ ಇಂಪೀರಿಯಲ್ ಕೃಷಿ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿಯ ನೆರವಿನಿಂದ 1905ರಲ್ಲಿ ಆರಂಭಗೊಂಡಿದ್ದ ಈ ಸಂಸ್ಥೆಯಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಗೇಬ್ರಿಯೆಲ್ ಹೋವರ್ಡ್ ದಂಪತಿ ಗೋಧಿಯ ಉತ್ತಮ ತಳಿಗಳನ್ನು ಆಯ್ದು ಹೆಸರು ಮಾಡಿದ್ದರು.

1934ರ ಜನವರಿ 15ರಂದು ಬಿಹಾರದಲ್ಲಿ ಸಂಭವಿಸಿದ ಭೀಕರ ಭೂಕಂಪದಲ್ಲಿ ಪೂಸಾದ ಕಟ್ಟಡಗಳು ತೀವ್ರವಾಗಿ ಹಾನಿಗೊಂಡವು. 1936ರಲ್ಲಿ ಸಂಸ್ಥೆಯನ್ನು ದೆಹಲಿಗೆ ಸ್ಥಳಾಂತರಿಸಲಾಯಿತು. ಹೊಸ ಸ್ಥಳಕ್ಕೂ ಪೂಸಾ ಎಂಬ ಹೆಸರೇ ಉಳಿದುಕೊಂಡಿತು. ಸ್ವಾತಂತ್ರ್ಯಾನಂತರ ಇದು ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಎನಿಸಿಕೊಂಡಿತು. ಪಾಲ್ ಅವರು 1950ರಲ್ಲಿ ಇದರ ನಿರ್ದೇಶಕರಾದರು.

ಗೋಧಿಯ ತುಕ್ಕು ರೋಗ

ಗೋಧಿಗೆ ಕಪ್ಪು, ಕಂದು ಮತ್ತು ಹಳದಿ ಎಂಬ ಮೂರು ಬಗೆಯ ತುಕ್ಕು ರೋಗಗಳು ತಗಲುತ್ತವೆ. ಶಿಲೀಂಧ್ರಗಳಿಂದ ಬರುವ ಈ ರೋಗಗಳು ಎಲೆ ಮತ್ತು ಕಾಂಡದ ಮೇಲೆ ಪುಡಿಯಂತಹ ಗುಳ್ಳೆಗಳನ್ನು ಮೂಡಿಸಿ, ಕಾಳು ತುಂಬದಂತೆ ಮಾಡುತ್ತವೆ. ರೋಗದ ಬೀಜಕಣಗಳು ಗಾಳಿಯಲ್ಲಿ ಬಹುದೂರ ಸಾಗಬಲ್ಲವು. ಬಯಲಿನ ಬೇಸಿಗೆಯ ಬಿಸಿಲಿಗೆ ಸತ್ತುಹೋಗುವ ತುಕ್ಕಿನ ಶಿಲೀಂಧ್ರ ತಂಪಾದ ಬೆಟ್ಟಗಳಲ್ಲಿ ಉಳಿದುಕೊಂಡು, ಪ್ರತಿವರ್ಷ ಅಲ್ಲಿಂದ ಬಯಲಿಗೆ ಇಳಿಯುತ್ತದೆ ಎಂಬುದನ್ನು ಸಸ್ಯರೋಗ ವಿಜ್ಞಾನಿ ಕೆ. ಸಿ. ಮೆಹ್ತಾ ಅವರು ತೋರಿಸಿದ್ದರು. ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳು ಅಂತಹ ನೆಲೆಗಳು. ಉತ್ತರ ಕರ್ನಾಟಕದ ಗೋಧಿ ಹೊಲಗಳಿಗೂ ಕಪ್ಪು ಮತ್ತು ಕಂದು ತುಕ್ಕು ಬರುವುದು ಆ ಬೆಟ್ಟಗಳ ಕಡೆಯಿಂದಲೇ.

ಔಷಧ ಸಿಂಪಡಿಸುವುದು ಬಡ ರೈತನಿಗೆ ಸಾಧ್ಯವಿಲ್ಲದ ಕಾಲವದು. ರೋಗವನ್ನು ತಾನೇ ತಡೆಯಬಲ್ಲ ಬೀಜವೊಂದೇ ದಾರಿಯಾಗಿತ್ತು. ಪಾಲ್ ಅವರು 1930ರ ದಶಕದ ನಡುವಿನಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡರು. ಒಂದು ಬಗೆಯ ತುಕ್ಕನ್ನು ತಡೆಯುವ ಗೋಧಿ ಇನ್ನೊಂದಕ್ಕೆ ಬಲಿಯಾಗುತ್ತಿತ್ತು. ಬೇರೆ ಬೇರೆ ತಳಿಗಳಲ್ಲಿ ಚದುರಿದ್ದ ನಿರೋಧ ಗುಣಗಳನ್ನು ಸಂಕರದ ಮೇಲೆ ಸಂಕರ ಮಾಡಿ ಒಂದೇ ಗಿಡದಲ್ಲಿ ಕೂಡಿಸಬೇಕಾಗಿತ್ತು. ಸುಮಾರು ಎರಡು ದಶಕಗಳ ಶ್ರಮದ ಫಲವಾಗಿ 1954ರಲ್ಲಿ ಎನ್.ಪಿ. 809 ಎಂಬ ತಳಿ ಹೊರಬಂದಿತು. ಮೂರೂ ತುಕ್ಕು ರೋಗಗಳನ್ನು ಎದುರಿಸುವ ಶಕ್ತಿ ಅದಕ್ಕಿತ್ತು. ಹೆಸರಿನಲ್ಲಿರುವ ಎನ್.ಪಿ. ಎಂಬ ಅಕ್ಷರಗಳು ನ್ಯೂ ಪೂಸಾ ಎಂಬುದನ್ನು ಸೂಚಿಸುತ್ತವೆ. ಅದೇ ವರ್ಷ ನೀಲಗಿರಿಯ ವೆಲಿಂಗ್ಟನ್‌ನಲ್ಲಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಆರಂಭವಾಯಿತು. ತುಕ್ಕು ರೋಗ ವರ್ಷವಿಡೀ ಇರುವ ಆ ಸ್ಥಳದಲ್ಲಿ ಹೊಸ ತಳಿಗಳ ನಿರೋಧ ಶಕ್ತಿಯನ್ನು ಪರೀಕ್ಷಿಸುವುದು ಸುಲಭವಾಯಿತು.

ಆಡಳಿತ ಮತ್ತು ಹಸಿರು ಕ್ರಾಂತಿ

ಪಾಲ್ ಅವರು ನಿರ್ದೇಶಕರಾಗಿದ್ದ ಅವಧಿಯಲ್ಲಿ, 1958ರಲ್ಲಿ, ಸಂಸ್ಥೆಗೆ ವಿಶ್ವವಿದ್ಯಾನಿಲಯದ ಸ್ಥಾನಮಾನ ದೊರೆಯಿತು. ಎಂ. ಎಸ್. ಸ್ವಾಮಿನಾಥನ್ ಅವರಂತಹ ಕಿರಿಯ ವಿಜ್ಞಾನಿಗಳು ಅಲ್ಲಿ ಬೆಳೆದರು. ಹಳೆಯ ಎತ್ತರದ ಗೋಧಿ ತಳಿಗಳು ಹೆಚ್ಚು ಗೊಬ್ಬರ ಕೊಟ್ಟರೆ ತೆನೆಯ ಭಾರಕ್ಕೆ ನೆಲಕ್ಕೆ ಒರಗುತ್ತಿದ್ದವು. ಈ ಕೊರತೆಯನ್ನು ನೀಗಿದ ಮೆಕ್ಸಿಕೋದ ಗಿಡ್ಡ ತಳಿಗಳು 1963ರ ಸುಮಾರಿಗೆ ಭಾರತದ ಪ್ರಯೋಗ ತಾಕುಗಳಿಗೆ ಬಂದಾಗ, ಅವುಗಳನ್ನು ಪರೀಕ್ಷಿಸಿ ಒಗ್ಗಿಸಿಕೊಳ್ಳಲು ಬೇಕಾದ ತಜ್ಞರೂ ವ್ಯವಸ್ಥೆಯೂ ಸಿದ್ಧವಾಗಿದ್ದವು. ಕಾಲಕ್ರಮದಲ್ಲಿ ಪಾಲ್ ಅವರ ಎತ್ತರದ ತಳಿಗಳು ಹಿಂದೆ ಸರಿದರೂ ಅವರು ಕಟ್ಟಿದ ಸಂಶೋಧನಾ ಪರಂಪರೆ ಮುಂದುವರಿಯಿತು.

1965ರಲ್ಲಿ ಅವರು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕರಾಗಿ ನೇಮಕಗೊಂಡರು. ಪರಿಷತ್ತಿನ ಚುಕ್ಕಾಣಿ ವಿಜ್ಞಾನಿಯೊಬ್ಬರ ಕೈಗೆ ಬಂದುದು ಅದೇ ಮೊದಲು. ದೇಶದ ಬೇರೆ ಬೇರೆ ಹವಾಗುಣದ ಪ್ರದೇಶಗಳಲ್ಲಿ ಒಂದೇ ಬೆಳೆಯನ್ನು ಏಕಕಾಲಕ್ಕೆ ಪರೀಕ್ಷಿಸುವ ಅಖಿಲ ಭಾರತ ಸಮನ್ವಿತ ಯೋಜನೆಗಳು ಅವರ ಕಾಲದಲ್ಲಿ ವಿಸ್ತಾರಗೊಂಡವು. ಬೆಂಗಳೂರಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಸ್ಥಾಪನೆಯಾದುದು ಇದೇ ಅವಧಿಯಲ್ಲಿ. ಅರ್ಕಾ ಎಂಬ ಪೂರ್ವಪದದೊಂದಿಗೆ ಆ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳಲ್ಲಿ ಗುಲಾಬಿಗಳೂ ಸೇರಿವೆ. ಪಾಲ್ ಅವರು 1972ರಲ್ಲಿ ನಿವೃತ್ತರಾದರು.

ಭಾರತದ ಹವೆ ಮತ್ತು ಪರದೇಶದ ಗುಲಾಬಿ

ಗುಲಾಬಿ ಭಾರತಕ್ಕೆ ಅಪರಿಚಿತವಾದ ಹೂವಲ್ಲ. ಹಿಮಾಲಯದಲ್ಲಿ, ಮಣಿಪುರದಲ್ಲಿ, ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ ಕಾಡು ಗುಲಾಬಿಗಳು ಬೆಳೆಯುತ್ತವೆ. ಪನ್ನೀರು ಮತ್ತು ಅತ್ತರಿಗಾಗಿ ಸುಗಂಧದ ಗುಲಾಬಿಯನ್ನು ಉತ್ತರ ಭಾರತದಲ್ಲಿ ಬಹುಕಾಲದಿಂದ ಬೆಳೆಯಲಾಗುತ್ತಿದೆ. ಆದರೆ ದೊಡ್ಡ ಮೊಗ್ಗು, ನೀಳ ತೊಟ್ಟು ಮತ್ತು ಮರಳಿ ಮರಳಿ ಹೂಬಿಡುವ ಗುಣವುಳ್ಳ ಹೈಬ್ರಿಡ್ ಟೀ ಗುಲಾಬಿಗಳು 19ನೆಯ ಶತಮಾನದಲ್ಲಿ ಯುರೋಪಿನಲ್ಲಿ ರೂಪುಗೊಂಡವು. ಚೀನಾ ಮೂಲದ ಗುಲಾಬಿಗಳೊಡನೆ ಯುರೋಪಿನ ಗುಲಾಬಿಗಳನ್ನು ಸಂಕರಿಸಿದುದರ ಫಲ ಇವು. ಗೊಂಚಲಿನಲ್ಲಿ ಹೂಬಿಡುವ ಫ್ಲೋರಿಬಂಡಾ ಗುಲಾಬಿಗಳು 20ನೆಯ ಶತಮಾನದಲ್ಲಿ ಬಂದವು.

ಈ ಗಿಡಗಳು ತಂಪು ದೇಶಗಳ ಹವೆಯಲ್ಲಿ ಆಯ್ಕೆಗೊಂಡಂಥವು. ಅಲ್ಲಿ ಗುಲಾಬಿ ಚಳಿಗಾಲದಲ್ಲಿ ನಿದ್ರಿಸಿ ಬೇಸಿಗೆಯಲ್ಲಿ ಅರಳುತ್ತದೆ. ದೆಹಲಿಯಂತಹ ಬಯಲು ಸೀಮೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಮಳೆ ನಿಂತ ಮೇಲೆ ಅಕ್ಟೋಬರ್ ತಿಂಗಳಲ್ಲಿ ಗಿಡವನ್ನು ಸವರುತ್ತಾರೆ, ಚಳಿಗಾಲವೇ ಹೂವಿನ ಕಾಲವಾಗುತ್ತದೆ. ಏಪ್ರಿಲ್ ಕಳೆದರೆ ಬಿಸಿಗಾಳಿಗೆ ಹೂವು ಚಿಕ್ಕದಾಗಿ ಬಣ್ಣ ಮಾಸುತ್ತದೆ. ಮಳೆಗಾಲದಲ್ಲಿ ಎಲೆಗಳಿಗೆ ಕಪ್ಪು ಚುಕ್ಕೆ ರೋಗ ಹತ್ತುತ್ತದೆ. ಸವರಿದ ರೆಂಬೆ ತುದಿಯಿಂದ ಕೆಳಕ್ಕೆ ಒಣಗುತ್ತಾ ಬಂದು, ಗಮನಿಸದಿದ್ದರೆ ಇಡೀ ಗಿಡವೇ ಸಾಯುವುದುಂಟು. ಹೀಗಾಗಿ ಹೊರದೇಶಗಳಿಂದ ತರಿಸಿಕೊಂಡ ಅನೇಕ ತಳಿಗಳು ಭಾರತದ ಮನೆತೋಟಗಳಲ್ಲಿ ಬಾಳಿಕೆ ಬರುತ್ತಿರಲಿಲ್ಲ. ಹೂವಿನ ಸೊಬಗಿನಷ್ಟೇ ಗಿಡದ ತಾಳಿಕೆಯನ್ನೂ ನೋಡುವ ತಳಿಗಾರರು ಬೇಕಾಗಿದ್ದರು.

ಮನೆತೋಟದಲ್ಲಿ ಗುಲಾಬಿಯ ಸಂಕರ

ಬಂಗಾಳ ಮೊದಲಾದೆಡೆ ಕೆಲವರು ಗುಲಾಬಿಯ ಸಂಕರವನ್ನು ಮೊದಲೇ ಕೈಗೊಂಡಿದ್ದರು. ಪಾಲ್ ಅವರು ಆ ಕೆಲಸಕ್ಕೆ ವೈಜ್ಞಾನಿಕ ಶಿಸ್ತನ್ನೂ ನಿರಂತರತೆಯನ್ನೂ ತಂದರು. ಗೋಧಿ ಸಂಶೋಧನೆ ಅವರ ಅಧಿಕೃತ ಕರ್ತವ್ಯವಾಗಿತ್ತು. ಗುಲಾಬಿ ಅವರ ಸ್ವಂತ ಸಮಯದ ಕೆಲಸ. ಅವಿವಾಹಿತರಾಗಿದ್ದ ಅವರು ಕಚೇರಿಯ ಹೊರಗಿನ ಹೊತ್ತನ್ನು ಹೆಚ್ಚಾಗಿ ತೋಟಕ್ಕೇ ಮೀಸಲಿಟ್ಟರು.

ಗುಲಾಬಿಯ ಸಂಕರಕ್ಕೆ ಬೇಕಾದ ಸಲಕರಣೆಗಳು ಕಡಿಮೆ, ಬೇಕಾದ ತಾಳ್ಮೆ ಹೆಚ್ಚು. ತಾಯಿಗಿಡದ ಮೊಗ್ಗು ಅರಳುವ ಮುನ್ನವೇ ಅದರ ಎಸಳುಗಳನ್ನು ಬಿಡಿಸಿ, ಸ್ವಂತ ಪರಾಗ ತಗಲದಂತೆ ಕೇಸರಗಳನ್ನೆಲ್ಲ ಕಿತ್ತುಹಾಕಬೇಕು. ಆಯ್ದ ತಂದೆಗಿಡದ ಪರಾಗವನ್ನು ಕುಂಚದಿಂದ ಲೇಪಿಸಿ, ಹೂವಿಗೆ ಕಾಗದದ ಚೀಲ ಕಟ್ಟಿ, ತಂದೆ ತಾಯಿಗಳ ಹೆಸರು ಬರೆದ ಚೀಟಿ ಹಾಕಬೇಕು. ಕಾಯಿ ಬಲಿಯಲು ಕೆಲವು ತಿಂಗಳುಗಳೇ ಬೇಕು. ಬೀಜಕ್ಕೆ ಸಾಮಾನ್ಯವಾಗಿ ಶೀತೋಪಚಾರ ನೀಡಿದರೆ ಮಾತ್ರ ಚೆನ್ನಾಗಿ ಮೊಳೆಯುತ್ತದೆ. ಮೊಳೆತ ಸಸಿಗಳಲ್ಲಿ ಬಹುಪಾಲು ಕೈಬಿಡತಕ್ಕವೇ ಆಗಿರುತ್ತವೆ. ಉಳಿದ ಒಂದೆರಡನ್ನು ಹಲವು ಋತುಗಳ ಕಾಲ ಬಿಸಿಲು, ಮಳೆ, ರೋಗಗಳ ನಡುವೆ ಬೆಳೆಸಿ ನೋಡಬೇಕು.

ಗೋಧಿಗೂ ಗುಲಾಬಿಗೂ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಗೋಧಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಸಂಕರದ ನಂತರ ಹಲವು ಪೀಳಿಗೆಗಳವರೆಗೆ ಆಯ್ಕೆ ಮಾಡುತ್ತಾ ಹೋದರೆ ತಳಿ ಸ್ಥಿರವಾಗಿ, ಬೀಜದಿಂದಲೇ ಅದೇ ಗುಣ ಮುಂದುವರಿಯುತ್ತದೆ. ಗುಲಾಬಿ ಬೀಜದಿಂದ ಹುಟ್ಟಿದ ಗಿಡ ತಾಯಿಯಂತೆ ಇರುವುದಿಲ್ಲ. ಅಲ್ಲಿ ಒಳ್ಳೆಯ ಸಸಿಯೊಂದು ಸಿಕ್ಕಿತೆಂದರೆ ಅದೇ ಹೊಸ ತಳಿ. ಅದರ ರೆಂಬೆಯ ಕಣ್ಣನ್ನು ಗಟ್ಟಿಮುಟ್ಟಾದ ಬೇರುಗಿಡಕ್ಕೆ ಕಸಿ ಮಾಡಿ ಸಾವಿರಾರು ಗಿಡಗಳನ್ನು ಪಡೆಯಬಹುದು. ಸರ್ಕಾರಿ ಪ್ರಯೋಗ ತಾಕುಗಳಿಲ್ಲದೆ ಮನೆಯ ತೋಟವೊಂದರಲ್ಲಿಯೇ ತಳಿ ರೂಪಿಸುವುದು ಸಾಧ್ಯವಾದುದಕ್ಕೆ ಇದು ಮುಖ್ಯ ಕಾರಣ.

ಗುಲಾಬಿ ತಳಿಗಳು

ಪಾಲ್ ಅವರ ಮೊದಲ ಗುಲಾಬಿಗಳಲ್ಲಿ 1962ರಲ್ಲಿ ಹೊರಬಂದ ರೋಸ್ ಶರ್ಬತ್ ಪ್ರಸಿದ್ಧವಾದುದು. ಇದು ಗಾಢ ಗುಲಾಬಿ ಬಣ್ಣದ, ಒಳ್ಳೆಯ ಪರಿಮಳವುಳ್ಳ ತಳಿ. ಗ್ರುಸ್ ಆನ್ ಟೆಪ್ಲಿಟ್ಸ್ ಎಂಬ ಹಳೆಯ ಕೆಂಪು ಗುಲಾಬಿ ಇದರ ತಾಯಿ. ಯುರೋಪಿನದೇ ಆದರೂ ಆ ಗಿಡ ಭಾರತದ ಬಿಸಿಲನ್ನು ತಾಳಿಕೊಂಡು ಇಲ್ಲಿನ ತೋಟಗಳಲ್ಲಿ ನೆಲೆಯೂರಿತ್ತು. ಡೆಲ್ಲಿ ಪ್ರಿನ್ಸೆಸ್ ಗುಲಾಬಿ ಬಣ್ಣದ ಹೂಗೊಂಚಲುಗಳ ಫ್ಲೋರಿಬಂಡಾ. ಹಿಮಾಂಗಿನಿ ದಂತವರ್ಣದ ಹೂವು. ಬಂಜಾರನ್ ತಳಿಯಲ್ಲಿ ಕೆಂಪು ಮತ್ತು ಹಳದಿ ಬಣ್ಣಗಳು ಕೂಡಿವೆ. ಕನಕಾಂಗಿ, ಪೂರ್ಣಿಮಾ, ಸೂರ್ಯೋದಯ, ಚಿತ್‌ಚೋರ್ ಮೊದಲಾದವು ಅವರ ಇತರ ತಳಿಗಳು.

1966ರ ಜನವರಿಯಲ್ಲಿ ವಿಮಾನ ಅಪಘಾತದಲ್ಲಿ ಮಡಿದ ಅಣುವಿಜ್ಞಾನಿ ಹೋಮಿ ಭಾಭಾ ಅವರ ಹೆಸರನ್ನು ಪಾಲ್ ಅವರು 1968ರ ಒಂದು ಬಿಳಿಯ ಹೈಬ್ರಿಡ್ ಟೀ ಗುಲಾಬಿಗೆ ಇಟ್ಟರು. ಡಾ. ಹೋಮಿ ಭಾಭಾ ಎಂಬ ಈ ತಳಿಯನ್ನು ಇಂದಿಗೂ ಗುಲಾಬಿ ಪ್ರಿಯರು ಬಲ್ಲರು. ಪಾಲ್ ಅವರು ತಮ್ಮ ಹೂಗಳಿಗೆ ಹೆಚ್ಚಾಗಿ ಭಾರತೀಯ ಹೆಸರುಗಳನ್ನೇ ಆರಿಸಿಕೊಂಡರು. ಅದುವರೆಗೆ ಇಂಗ್ಲಿಷ್, ಫ್ರೆಂಚ್ ಹಾಗೂ ಜರ್ಮನ್ ಹೆಸರುಗಳೇ ತುಂಬಿದ್ದ ಗುಲಾಬಿ ಪಟ್ಟಿಗಳಲ್ಲಿ ಇಂತಹ ಹೆಸರುಗಳು ಸೇರತೊಡಗಿದವು. ಪೂಸಾ ಸಂಸ್ಥೆಯಲ್ಲಿಯೂ ಗುಲಾಬಿ ತಳಿ ಸಂಶೋಧನೆ ಬೇರೂರಿ, ಮುಂದಿನ ವಿಜ್ಞಾನಿಗಳು ಅನೇಕ ತಳಿಗಳನ್ನು ಬಿಡುಗಡೆ ಮಾಡಿದರು.

ಬೋಗನ್‌ವಿಲ್ಲಾ ಮತ್ತು ಇತರ ಆಸಕ್ತಿಗಳು

ಗುಲಾಬಿಯಲ್ಲದೆ ಬೋಗನ್‌ವಿಲ್ಲಾ ಅಥವಾ ಕಾಗದದ ಹೂವಿನ ಬಳ್ಳಿಯಲ್ಲಿಯೂ ಪಾಲ್ ಅವರಿಗೆ ವಿಶೇಷ ಆಸಕ್ತಿಯಿತ್ತು. ಅದರಲ್ಲಿಯೂ ಅವರು ಹೊಸ ತಳಿಗಳನ್ನು ರೂಪಿಸಿದರು. ಬೋಗನ್‌ವಿಲ್ಲಾದ ಹೊಸ ತಳಿಗಳನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ನೋಂದಾಯಿಸುವ ಹೊಣೆ ಪೂಸಾ ಸಂಸ್ಥೆಗೆ ದೊರೆತಿದೆ. ಗುಲಾಬಿ ಸಂಘ ಹಾಗೂ ಬೋಗನ್‌ವಿಲ್ಲಾ ಸಂಘಗಳ ಸ್ಥಾಪಕ ಅಧ್ಯಕ್ಷರಾಗಿ ಅವರು ಹವ್ಯಾಸಿ ಬೆಳೆಗಾರರನ್ನು ಒಗ್ಗೂಡಿಸಿದರು.

ಭಾರತೀಯ ಅನುವಂಶೀಯತೆ ಮತ್ತು ಸಸ್ಯತಳಿ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಆ ಸಂಘದ ಪತ್ರಿಕೆಯನ್ನು ದೀರ್ಘಕಾಲ ಸಂಪಾದಿಸಿದರು. ನಿವೃತ್ತಿಯ ಕಾಲಕ್ಕೆ ಕೇಂದ್ರ ಸರ್ಕಾರ ರಚಿಸಿದ ಪರಿಸರ ಯೋಜನೆ ಮತ್ತು ಸಮನ್ವಯ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾಗಿ ಪರಿಸರ ರಕ್ಷಣೆಯ ಕೆಲಸದಲ್ಲಿ ತೊಡಗಿದರು. ಅವರು ಚಿತ್ರಕಾರರೂ ಆಗಿದ್ದು, ದೆಹಲಿಯ ಕಲಾ ಸಂಘಟನೆಗಳೊಡನೆ ನಿಕಟ ಸಂಪರ್ಕ ಹೊಂದಿದ್ದರು.

ಕೃತಿಗಳು

ಪಾಲ್ ಅವರು ವಿಜ್ಞಾನಿಗಳಿಗಾಗಿ ಬರೆದಂತೆ ಸಾಮಾನ್ಯ ತೋಟಗಾರರಿಗಾಗಿಯೂ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಅವುಗಳಲ್ಲಿ ಮುಖ್ಯವಾದವು:

- ದಿ ರೋಸ್ ಇನ್ ಇಂಡಿಯಾ (1966) – ಭಾರತದ ಹವೆಯಲ್ಲಿ ಗುಲಾಬಿ ಕೃಷಿಯನ್ನು ಕುರಿತ ಸಮಗ್ರ ಗ್ರಂಥ
- ಬ್ಯೂಟಿಫುಲ್ ಕ್ಲೈಂಬರ್ಸ್ ಆಫ್ ಇಂಡಿಯಾ – ಹೂಬಳ್ಳಿಗಳನ್ನು ಕುರಿತದ್ದು
- ಫ್ಲವರಿಂಗ್ ಶ್ರಬ್ಸ್ – ಹೂವಿನ ಪೊದೆಗಿಡಗಳನ್ನು ಕುರಿತದ್ದು
- ವೀಟ್ – ಗೋಧಿಯನ್ನು ಕುರಿತದ್ದು

ಗೌರವಗಳು

- ಪದ್ಮಶ್ರೀ, ಪದ್ಮಭೂಷಣ (1968) ಮತ್ತು ಪದ್ಮವಿಭೂಷಣ (1987)
- ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ (1972)
- ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಸ್ಥಾನ (1975–76)
- ರಫಿ ಅಹಮದ್ ಕಿದ್ವಾಯಿ ಪ್ರಶಸ್ತಿ

ನಿಧನ ಮತ್ತು ಸ್ಮರಣೆ

ಪಾಲ್ ಅವರು 1989ರ ಸೆಪ್ಟೆಂಬರ್ 14ರಂದು ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ತಮ್ಮ ಆಸ್ತಿಯನ್ನು ಅವರು ತಾವು ಬಹುಕಾಲ ದುಡಿದ ಪೂಸಾ ಸಂಸ್ಥೆಗೇ ಬಿಟ್ಟುಕೊಟ್ಟರು. ಆ ಸಂಸ್ಥೆಯ ಸಭಾಂಗಣಕ್ಕೆ ಅವರ ಹೆಸರನ್ನು ಇಡಲಾಗಿದೆ. ಭಾರತೀಯ ಅಂಚೆ ಇಲಾಖೆ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿದೆ.

ಗೋಧಿಯಲ್ಲಿ ತುಕ್ಕಿನ ಶಿಲೀಂಧ್ರ ಹೊಸ ಹೊಸ ರೂಪಗಳನ್ನು ತಾಳುತ್ತಲೇ ಇರುವುದರಿಂದ ಯಾವ ನಿರೋಧಕ ತಳಿಯೂ ಶಾಶ್ವತವಲ್ಲ. ಪಾಲ್ ಅವರು ಆರಂಭಿಸಿದ ಕೆಲಸವನ್ನು ಪ್ರತಿ ತಲೆಮಾರಿನ ವಿಜ್ಞಾನಿಗಳೂ ಮುಂದುವರಿಸಬೇಕಾಗಿದೆ. ಗುಲಾಬಿಯ ವಿಷಯ ಬೇರೆ. ಕಣ್ಣು ಕಸಿಯಿಂದ ಬೆಳೆಸುವ ಪ್ರತಿಯೊಂದು ಗಿಡವೂ ಮೂಲ ಸಸಿಯ ಮುಂದುವರಿಕೆಯೇ ಆದುದರಿಂದ, ಅವರು ದೆಹಲಿಯ ತೋಟದಲ್ಲಿ ಆಯ್ದ ರೋಸ್ ಶರ್ಬತ್, ಡಾ. ಹೋಮಿ ಭಾಭಾ ಮುಂತಾದ ತಳಿಗಳು ಇಂದಿಗೂ ತೋಟಗಳಲ್ಲಿ ಉಳಿದುಬಂದಿವೆ.